ಡಿಕ್ಕಿಯ ಗುಂಡಿಗೆ ಸುತ್ತಿದ ಕರಿದಾರ

ಅಪ್ಪಾಜಿ,

ಅಲ್ಲಿ ಸುಖವಾಗಿದ್ದೀರಾ ಎಂದು ಕೇಳುವುದಿಲ್ಲ. ನಾನು ಸಿಟ್ಟಿನಲ್ಲಿದ್ದೇನೆ. ನೀವು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನ ಅತ್ತಿದ್ದಾಯಿತು, ಸಿಟ್ಟು ಬಂದದ್ದು ಹೋದ ಮಂಗಳವಾರ. ಬದುಕಿದ್ದಾಗ ನಿಮಗೆ ಎದುರಾಡಲಿಲ್ಲ, ಈಗಲಾದರೂ ಪೂರ್ತಿ ಕೇಳಿಸಿಕೊಳ್ಳಿ. ನಡುವೆ ಕೆಮ್ಮಿ ಎದ್ದುಹೋಗುವ ಹಾಗಿಲ್ಲ.

ಮಂಗಳವಾರ ಅವ್ವನನ್ನು ಯಾದಗಿರಿಗೆ ಕಣ್ಣು ತೋರಿಸಲು ಕರೆದೊಯ್ಯಬೇಕಿತ್ತು. ಕೀಲಿ ತಿರುಗಿಸಿದರೆ ನಿಮ್ಮ ಕಾರು ಟಕ್ ಎಂದು ಸುಮ್ಮನಾಯಿತು. ಎರಡು ದಿನ ನಿಲ್ಲಿಸಿದರೆ ಸಾಕು, ಬ್ಯಾಟರಿ ಇಳಿದಿರುತ್ತದೆ. ನಿಮ್ಮ ಕಾಲದಲ್ಲೂ ಇದೇ ಗೋಳು ಅಲ್ಲವೇ? ನೀವು ಹೊಸ ಬ್ಯಾಟರಿ ಹಾಕಿಸಿದಿರಿ, ನಾನೂ ಹಾಕಿಸಿದೆ. ಈ ಸಲ ಬಸ್ ಸ್ಟ್ಯಾಂಡಿನ ಹಿಂದಿರುವ ಎಲೆಕ್ಟ್ರಿಷಿಯನ್ ಖಾಜಾಸಾಬನನ್ನು ಮನೆಗೇ ಕರೆಸಿದೆ. ಅವನು ಬ್ಯಾಟರಿ ಚಾರ್ಜ್ ಮಾಡಿ ತಂದು ಕೂರಿಸಿ, ನೆಗೆಟಿವ್ ವೈರನ್ನು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದ. ಕೀಲಿ ನನ್ನ ಕೈಯಲ್ಲೇ ಇತ್ತು, ಬಾಗಿಲೆಲ್ಲ ಮುಚ್ಚಿದ್ದವು. ಆದರೂ ಬಲ್ಬು ಉರಿಯಿತು.

"ಬ್ಯಾಟರಿದು ಏನೂ ತಪ್ಪಿಲ್ರಿ ಅಕ್ಕಾರ. ಕಾರು ನಿಂತಲ್ಲೇ ಏನೋ ಒಂದು ಕರೆಂಟ್ ಎಳ್ಯಾಕತ್ತದ."

ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತ ಹೋದ. ಒಳಗಿನ ದೀಪಗಳ ಫ್ಯೂಸ್ ಕಿತ್ತಾಗ ಬಲ್ಬು ಆರಿತು. ಫ್ಯೂಸು, ವೈರು ಎಲ್ಲ ಮತ್ತೆ ಜೋಡಿಸಿ, ತನ್ನ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಡಿಕ್ಕಿಯೊಳಗಿಟ್ಟು ಬಾಗಿಲು ಹಾಕಿದ. ತೆಗೆದು ವಿಡಿಯೋ ನೋಡಿದರೆ, ಮುಚ್ಚಿದ ಡಿಕ್ಕಿಯೊಳಗೆ ದೀಪ ಹಾಗೇ ಉರಿಯುತ್ತಿತ್ತು.

ಅಮಾವಾಸ್ಯೆಗೆ ಅಮಾವಾಸ್ಯೆಗೆ ನೀವು ಕಾರಿಗೆ ಪೂಜೆ ಮಾಡುತ್ತಿದ್ದದ್ದು ನೆನಪಿದೆಯೇ? ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ಡಿಕ್ಕಿಯ ಅಂಚಿನ ಸಣ್ಣ ಗುಂಡಿಗೆ ದೃಷ್ಟಿಯ ಕರಿದಾರ. ಹಳೆಯ ದಾರ ಕತ್ತರಿಸಬಾರದೆಂದು ಅದರ ಮೇಲೆಯೇ ಹೊಸದನ್ನು ಸುತ್ತುತ್ತಿದ್ದಿರಿ. ದಾರ ಕಟ್ಟಲಿಕ್ಕೆಂದೇ ಇಟ್ಟ ಗೂಟ ಅಂದುಕೊಂಡಿದ್ದಿರೇನೋ. ಅದು ದೀಪದ ಸ್ವಿಚ್ಚು, ಅಪ್ಪಾಜಿ. ಡಿಕ್ಕಿ ಮುಚ್ಚಿದಾಗ ಅದು ಒತ್ತಿ ಒಳಗೆ ಹೋಗಬೇಕು, ಆಗ ದೀಪ ಆರುತ್ತದೆ. ತಿಂಗಳಿಗೊಂದು ಸುತ್ತು ಸೇರಿ ದಾರ ಗಟ್ಟಿಯಾಗಿ, ಗುಂಡಿ ಒಳಗೆ ಹೋಗುವುದನ್ನೇ ಬಿಟ್ಟಿತ್ತು. ಖಾಜಾಸಾಬ್ ಅದನ್ನು ಮುಟ್ಟಲು ಹಿಂಜರಿದು ನನ್ನ ಮುಖ ನೋಡಿದ. ನಾನೇ ಕತ್ತರಿ ತಂದು ಕತ್ತರಿಸಿದೆ. ಅಷ್ಟೇ ರಿಪೇರಿ. ಈಗ ನಾಲ್ಕು ದಿನ ನಿಲ್ಲಿಸಿದರೂ ಕಾರು ಒಂದೇ ಸಲಕ್ಕೆ ಚಾಲೂ ಆಗುತ್ತದೆ.

ಸಿಟ್ಟು ದಾರದ ಮೇಲಲ್ಲ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ನಮ್ಮ ಅಂಗಳದಲ್ಲಿ ಭೀಮರಾಯ ನಿಂತಿದ್ದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ದೇವಾಪುರದ ಭೀಮರಾಯ ಆರು ವರ್ಷ ನಿಮ್ಮ ಡ್ರೈವರಾಗಿದ್ದವನು. ಕಾಲುವೆ ಕೆಳಗಿನ ಯಾವ ಊರಲ್ಲಿ ಭತ್ತ ಕೊಯ್ಲಿಗೆ ಬಂದರೂ ಖರೀದಿಗೆ ನಿಮ್ಮನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದವನು. ಕಾರು ತೊಳೆಯಲು ಅವನು ಬೇಕು. ಪೂಜೆಯ ಹೊತ್ತಿಗೆ ಮಾತ್ರ ಅವನು ಗೇಟಿನಾಚೆ ನಿಲ್ಲಬೇಕು. ಯಾಕೆಂದು ನೀವು ಬಾಯಿಬಿಟ್ಟು ಹೇಳಲಿಲ್ಲ. ಅವನ ಮನೆಯಲ್ಲಿ ಬುದ್ಧನ ಫೋಟೋ ಇದೆ, ಅವನ ಓಣಿ ಯಾವುದು ಎಂಬುದು ನಮಗೆಲ್ಲ ಗೊತ್ತಿತ್ತು. ಹೇಳುವ ಅಗತ್ಯವೇನಿತ್ತು?

"ಸಾವ್ಕಾರ್ರ, ಡಿಕ್ಕ್ಯಾಗಿನ ಲೈಟ್ ಆರವಲ್ದು ಅನಸ್ತದ್ರಿ," ಅಂದಿದ್ದ ಅವತ್ತು. "ಆ ದಾರ ಒಂದೀಟು ಸರಿಸಿ ನೋಡ್ಲೇನ್ರಿ?"

"ನೀ ಅದಕ್ಕ ಕೈ ಹಚ್ಚಬ್ಯಾಡ. ಪೂಜಿ ಮಾಡಿದ್ದು ಅದ."

ಅಷ್ಟಕ್ಕೇ ನಿಲ್ಲಿಸಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮರುದಿನ ಕಾರು ಚಾಲೂ ಆಗಲಿಲ್ಲ. ಅದೇ ಸಿಟ್ಟಿನಲ್ಲಿ ಶಹಾಪುರದ ಕಾಳಿನ ಮಾರುಕಟ್ಟೆಯಲ್ಲಿ, ಗಂಜಿನಲ್ಲಿ, ಹರಾಜಿಗೆ ಸೇರಿದ್ದ ಮಂದಿಯ ಮುಂದೆ ಅವನ ಕೈಯಿಂದ ಕೀಲಿ ಕಸಿದುಕೊಂಡಿರಿ. "ಮಧ್ಯಾಹ್ನ ಹಾಡು ಹಚ್ಚಿಕೊಂಡು ನನ್ನ ಕಾರಿನಾಗ ಮಕ್ಕೋತಾನ, ಬ್ಯಾಟರಿ ಉಳಿಯೋದು ಹ್ಯಾಂಗ?" ಅಂದಿರಿ. ಅಲ್ಲಿನ ನಮ್ಮ ಕಾಳಿನ ಅಂಗಡಿಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ನೀನೂ ಹಾಡು ಕೇಳೀದಿ, ಹೌದಿಲ್ಲ?" ಎಂದಿರಿ. ನಾನು ಒಂದು ದಿನವೂ ಕೇಳಿರಲಿಲ್ಲ. ತಲೆಯಾಡಿಸಿದೆ. ಹೂಂ ಅಂತ ತಲೆಯಾಡಿಸಿದೆ, ಅಪ್ಪಾಜಿ. ಆ ಹೊತ್ತಿನಲ್ಲಿ ಭೀಮರಾಯ ನನ್ನನ್ನು ನೋಡಿದ ರೀತಿ...

ಆಮೇಲೆ ಶಹಾಪುರದಲ್ಲಿ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಕೊಡುತ್ತಾರೆಯೇ? ನಿಮ್ಮ ಮಾತಿಗೆ ಗಂಜಿನಲ್ಲಿ ಅಷ್ಟು ತೂಕವಿತ್ತು.

ನಿನ್ನೆ ದೇವಾಪುರಕ್ಕೆ ಹೋಗಿದ್ದೆ. ಭೀಮರಾಯ ಯಾರದೋ ಗದ್ದೆಯಲ್ಲಿ ಗೊಬ್ಬರ ಹಾಕುತ್ತಿದ್ದ. ಬದುವಿನ ಮೇಲೆ ನಿಂತು ದಾರದ ಸಂಗತಿ ಪೂರ್ತಿ ಹೇಳಿದೆ. ತಪ್ಪಾಯಿತು, ಮತ್ತೆ ಕೆಲಸಕ್ಕೆ ಬಾ ಅಂದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಸರುಗಾಲಲ್ಲೇ ನಿಂತು ಅಂದ:

"ಡಿಕ್ಕಿ ಲೈಟಿಂದು ನನಗ ಆವತ್ತೇ ಗೊತ್ತಿತ್ರಿ. ಕೆಲಸ ಬ್ಯಾಡ್ರಿ ಅಕ್ಕಾರ. ಸಾವ್ಕಾರ್ರು ಗಂಜಿನ್ಯಾಗ ಎಲ್ಲಾರ ಮುಂದ ಅಂದಾರ, ಇಲ್ಲಿ ಬದುವಿನ ಮ್ಯಾಲ ನಿಂತು ತಪ್ಪಾತು ಅಂದ್ರ ಯಾರು ಕೇಳ್ತಾರ್ರಿ? ಅಲ್ಲೇ ಹೇಳ್ರಿ."

ನಿಮ್ಮ ಅಂಗಡಿಯನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ದಿನಾ ಅದೇ ಮಂದಿಯ ಮುಖ ನೋಡಬೇಕು, ಅವರ ಜೊತೆಯೇ ವ್ಯಾಪಾರ ಮಾಡಬೇಕು. ಭಯವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನಾಳೆ ಹರಾಜು ಶುರುವಾಗುವ ಮುಂಚೆ ಹೇಳುತ್ತೇನೆ. ಮೊದಲು ನನ್ನ ಸುಳ್ಳು, ಆಮೇಲೆ ನಿಮ್ಮದು. ನಿಮ್ಮ ಹೆಸರು ಹಿಡಿದೇ ಹೇಳುತ್ತೇನೆ.

ಇಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವನಿಗೆ ತಿಳಿಸಿದೆ. ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಸತ್ತವರ ಮರ್ಯಾದೆ ತೆಗೆಯಬೇಡ ಅನ್ನುತ್ತಾಳೆ ಅಂದುಕೊಂಡೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಗಂಜಿಗೆ ಕಾಲಿಡದವಳು, ನೀವೂ ಹೋಗಲು ಬಿಡದವಳು, ಅಂದಳು:

"ನಾನೂ ಬರ್ತೀನಿ ನಡಿ. ಆವತ್ತು ಮುಂಜಾನಿ ಅಂವ ಡಿಕ್ಕಿ ಲೈಟ್ ಆರವಲ್ದು ಅಂದಿದ್ದು ನಾನೂ ಕೇಳೀನಿ."

ನಿಮ್ಮ ಮಗಳು