ಕುಂಬಳ ಸೂಪಿನ ಭಾನುವಾರ

ಅಕ್ಟೋಬರ್ 8, ಬುಧವಾರ

ಗ್ಯಾರೇಜಿನಲ್ಲಿ ಇಡೀ ದಿನ ಸ್ಕೂಟರ್‌ಗಳೇ. ಮಳೆ ಬಿಟ್ಟಿದೆ, ಕೋಣಂದೂರಿನವರಿಗೆಲ್ಲ ಈಗ ಗಾಡಿಯ ನೆನಪು. ಮಧ್ಯಾಹ್ನ ಹೊಸನಗರದಿಂದ ಫೋನ್ — ತನುಜಾ. ಅಪ್ಪ ನೋಡಿದ ಸಂಬಂಧ. ಆಸ್ಪತ್ರೆಯಲ್ಲಿ ನರ್ಸ್. ಸುತ್ತಿ ಬಳಸಿ ಮಾತಾಡುವವಳಲ್ಲ.

"ನಂಗೆ ನೈಟ್ ಡ್ಯೂಟಿ ಇರುತ್ತೆ. ಬೆಳಿಗ್ಗೆ ಹಸ್ಕೊಂಡು ಬರ್ತೀನಿ. ನಿಮ್ಗೆ ಅಡಿಗೆ ಬರುತ್ತಾ?"

ನನಗೆ ಚಹಾ ಕೂಡ ಅಮ್ಮನೇ ಮಾಡಿಕೊಡಬೇಕು. ಆದರೂ ಬಾಯಿಂದ ಬಂದೇಬಿಟ್ಟಿತು — "ಬರುತ್ತೆ. ಕುಂಬಳಕಾಯಿ ಸೂಪ್ ಮಾಡ್ತೀನಿ."

ಯಾಕೆ ಸೂಪ್? ಬೆಳಿಗ್ಗೆ ಮೊಬೈಲಿನಲ್ಲಿ ಯಾರೋ ಮಾಡುತ್ತಿದ್ದರು. ಅಷ್ಟೇ.

"ಹಂಗಾದ್ರೆ ಭಾನುವಾರ ಅಪ್ಪನ ಜೊತೆ ಬರ್ತೀನಿ. ಕುಡಿದು ನೋಡ್ತೀನಿ."

ಸತ್ತೆ. ಇದುವರೆಗೆ ನೋಡಿದವರೆಲ್ಲ ಹಳ್ಳಿ ಬೇಡ ಅಂದರು. ಇವಳು ಆ ಮಾತೇ ಎತ್ತಲಿಲ್ಲ... ಇವಳು ಬೇಡ ಅನ್ನಬಾರದು.

ಅಕ್ಟೋಬರ್ 9, ಗುರುವಾರ

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕುಂಬಳಕಾಯಿ ಅವಳ ಬಾಯಲ್ಲಿ ಚೀನಿಕಾಯಿ.

"ಚೀನಿಕಾಯಿ ಸೂಪಾ? ಕಡುಬು ಮಾಡಾ, ಪಲ್ಯ ಮಾಡಾ. ಸೂಪ್ ಎಂಥದಾ ಮಾರಾಯ!"

ನಕ್ಕರೂ ಅಟ್ಟದಿಂದ ಒಳ್ಳೆ ಹಣ್ಣಾದ ಕಾಯಿಯನ್ನೇ ಇಳಿಸಿಕೊಟ್ಟಳು. ಕತ್ತಿ ಸಿಕ್ಕಿಕೊಂಡಿತು. ಎಂಜಿನ್ ಬಿಚ್ಚುವುದೇ ಸುಲಭ. ಬೇಯಿಸಿ, ರುಬ್ಬಿ, ಉಪ್ಪು ಹಾಕಿ ಅಪ್ಪನಿಗೆ ಕೊಟ್ಟೆ. ಗಂಭೀರವಾಗಿ ಕುಡಿದರು.

"ಬೆಲ್ಲ ಹಾಕಿದ್ರೆ ಪಾಯಸ ಆಗ್ತಿತ್ತು."

ಅಮ್ಮ ಮೆಲ್ಲಗೆ, "ನಾ ಮಾಡಿಡ್ತೀನಿ. ನೀ ಮಾಡಿದ್ದು ಅಂತ ಹೇಳು."

ಆಸೆಯಾಯಿತು. ಬೇಡ ಅಂದೆ. ಒಂದು ಸುಳ್ಳು ಸಾಕು.

ಅಕ್ಟೋಬರ್ 11, ಶನಿವಾರ

ಇವತ್ತು ಸೂಪ್ ಸರಿ ಬಂತು! ಈರುಳ್ಳಿ, ಬೆಳ್ಳುಳ್ಳಿ, ಚೂರು ಶುಂಠಿ — ಬೆಣ್ಣೆಯಲ್ಲಿ ಹುರಿದು, ಕುಂಬಳದ ಜೊತೆ ಬೇಯಿಸಿ, ಆರಿಸಿ ರುಬ್ಬಿದೆ. ಕೊನೆಗೆ ತೆಂಗಿನಹಾಲು, ಕಾಳುಮೆಣಸಿನ ಪುಡಿ. ಬಣ್ಣ ನೋಡುತ್ತಲೇ ನಿಂತೆ.

ಅಮ್ಮ ಒಂದು ಲೋಟ ಕುಡಿದಳು. ಎರಡನೇ ಲೋಟ ತಾನೇ ಬಗ್ಗಿಸಿಕೊಂಡಳು.

ಅಕ್ಟೋಬರ್ 12, ಭಾನುವಾರ

ಬರೆಯುವಾಗ ಈಗಲೂ ನಗು.

ಹನ್ನೊಂದಕ್ಕೆ ಬರುತ್ತೇವೆ ಅಂದವರು ಹತ್ತಕ್ಕೇ ಬಂದರು. ಅಂಗಳದಲ್ಲಿ ಕಾರಿನ ಸದ್ದು. ಕುಂಬಳ ಆರುವವರೆಗೆ ಕಾಯುವ ತಾಳ್ಮೆ ಎಲ್ಲಿ? ಕುದಿಕುದಿಯುತ್ತಿದ್ದುದನ್ನೇ ಮಿಕ್ಸಿಗೆ ಸುರಿದು, ಮುಚ್ಚಳ ಬಿಗಿಯಾಗಿ ಒತ್ತಿ, ಗುಂಡಿ ತಿರುಗಿಸಿದೆ.

ಢಮ್!

ಮುಚ್ಚಳ ಹಾರಿತು. ಗೋಡೆ, ಕ್ಯಾಲೆಂಡರ್, ನನ್ನ ಬಿಳಿ ಅಂಗಿ — ಎಲ್ಲ ಕೇಸರಿ. ಬಾಗಿಲಲ್ಲಿ ತನುಜಾ. ಅವಳ ಹಿಂದೆ ಅವಳ ಅಪ್ಪ ಬೆಳ್ಳಪ್ಪನವರು, ಬಾಯಿ ತೆರೆದುಕೊಂಡು.

ಅವಳು ಮೊದಲು ನನ್ನ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟಳು. "ಸುಟ್ಟಿಲ್ಲ. ಬಚಾವ್." ಆಮೇಲೆ ಗೋಡೆ ನೋಡಿದಳು.

ಇನ್ನು ಮುಚ್ಚಿಡುವುದೇನು? "ನಂಗೆ ಅಡಿಗೆ ಬರಲ್ಲ. ಫೋನಲ್ಲಿ ಸುಳ್ಳು ಹೇಳ್ದೆ. ಗುರುವಾರದಿಂದ ಕಲೀತಿದೀನಿ."

"ಗೊತ್ತಾಯ್ತು. ಗೋಡೆ ನೋಡಿದ್ರೆ ಗೊತ್ತಾಗಲ್ವಾ?" ಅಂದವಳೇ ನಕ್ಕಳು. ನಕ್ಕು ನಕ್ಕು ಒಲೆಕಟ್ಟೆ ಹಿಡಿದು ಬಗ್ಗಿದಳು. ಅಮ್ಮನೂ ಶುರು. ಕೊನೆಗೆ ಬೆಳ್ಳಪ್ಪನವರೂ.

ವೇಲ್ ಸೊಂಟಕ್ಕೆ ಕಟ್ಟಿ ನನ್ನ ಜೊತೆ ಗೋಡೆ ಒರೆಸಿದಳು. ಜಾರಿನ ತಳದಲ್ಲಿ ಉಳಿದದ್ದು ಅರ್ಧ ಲೋಟ. ಅಷ್ಟನ್ನೂ ಕುಡಿದಳು. ಹೇಗಿದೆ ಅಂತ ಮಾತ್ರ ಹೇಳದೆ ಹೊರಟುಬಿಟ್ಟಳು.

ಅಕ್ಟೋಬರ್ 15, ಬುಧವಾರ

ಫೋನಿಲ್ಲ. ನಾನೇ ಮಾಡಲಾ... ಬೇಡ.

ಅಕ್ಟೋಬರ್ 17, ಶುಕ್ರವಾರ, ಮಧ್ಯಾಹ್ನ

ಬೆಳಗಾಗುವಾಗ ಮೆಸೇಜ್ — "ಇನ್ನೇನು ಡ್ಯೂಟಿ ಮುಗಿಯುತ್ತೆ. ಹಸಿವು."

ಅಷ್ಟೇ. ಸೂಪ್ ಮಾಡಿದೆ, ಆರಿಸಿಯೇ ರುಬ್ಬಿದೆ, ಮತ್ತೆ ಬಿಸಿ ಮಾಡಿ ಫ್ಲಾಸ್ಕಿಗೆ ಹಾಕಿ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಇಬ್ಬನಿ, ಮೂಗು ಮರಗಟ್ಟಿತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದಳು, ಕಣ್ಣ ತುಂಬ ನಿದ್ದೆ. ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟೆ. ಕುಡಿದಳು. ಮತ್ತೆ ಮುಚ್ಚಳ ಚಾಚಿದಳು. ಫ್ಲಾಸ್ಕ್ ಖಾಲಿಯಾದ ಮೇಲೆ ಮಾತು.

"ಉಪ್ಪು ಕಮ್ಮಿ."

"ನಾಳೆ ಸರಿ ಮಾಡ್ತೀನಿ."

"ದಿನಾ ಕೋಣಂದೂರಿಂದ ಇಲ್ಲಿಗೆ ತರ್ತೀರಾ?"

"ತರ್ತೀನಿ."

"ಎಂತಕ್ಕೆ ಸುಮ್ನೆ ಪೆಟ್ರೋಲ್ ದಂಡ? ನಾನೇ ಅಲ್ಲಿಗೆ ಬಂದುಬಿಡ್ತೀನಿ."

ಬೈಕಿನ ಕೀಲಿ ಎಲ್ಲಿಟ್ಟೆ ಅಂತ ತುಂಬ ಹೊತ್ತು ಹುಡುಕಿದೆ. ಕೈಯಲ್ಲೇ ಇತ್ತು.

ಅದೇ ದಿನ, ಸಂಜೆ

ಅಮ್ಮನಿಗೆ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಆಗಲೇ ಅತ್ತೆಗೆ ಫೋನ್ ಮಾಡುತ್ತಿದ್ದಾಳೆ. ಅಪ್ಪ ಶೇವ್ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿ ಕೂತಿದ್ದಾರೆ, ಯಾರೂ ಬರುವುದಿಲ್ಲ ಅಂತ ಗೊತ್ತಿದ್ದರೂ. ನಾನು ಈಗ ಅವಳಿಗೆ —

ಅವಳದೇ ಫೋನ್. ಉಳಿದದ್ದು ಆಮೇಲೆ.