ಮದುವೆಮನೆಯ ನಡಿಗೆ

ಪಟಮಟ, ವಿಜಯವಾಡ
ಬುಧವಾರ, ಸಂಜೆ

ನನ್ನ ಪ್ರತೀಕ್ಷಕ್ಕನಿಗೆ,

ನನ್ನ ಅಕ್ಷರ ನೋಡಿ ನಗಬೇಡ, ಮೊದಲೇ ಕ್ಷಮಿಸಿಬಿಡು. ಗೆರೆ ಬಿಟ್ಟು ಇಳಿಯುತ್ತವೆ, ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ತಿಳಿಯದು. ಹರಿಹರದಲ್ಲಿ ಅಜ್ಜಿಯ ಜೊತೆಗಿದ್ದು ಐದನೇ ಕ್ಲಾಸಿನವರೆಗೆ ಕಲಿತದ್ದಷ್ಟೇ ನನ್ನ ವಿದ್ಯೆ. ಇಲ್ಲಿಗೆ ಬಂದು ತೆಲುಗು ಶಾಲೆಗೆ ಸೇರಿದೆ. ಹುಡುಗರು ನನ್ನ ನಡಿಗೆಯನ್ನು ಅಣಕಿಸಿ ಹಿಂದೆಯೇ ಕುಂಟುತ್ತಾ ಬಂದರೆಂದು ಅದನ್ನೂ ಬಿಟ್ಟುಬಿಟ್ಟೆ. ಫೋನು ಮಾಡಬಹುದಿತ್ತು. ಆದರೆ ನೀನು "ಹ್ಞೂಂ, ಹೇಳು ರಾಜಿ" ಅಂದ ಕೂಡಲೇ ನನ್ನ ಮಾತೆಲ್ಲ ಒಳಗೆ ಓಡಿಹೋಗುತ್ತದೆ. ಮನೆಯೂ ಚಿಕ್ಕದು, ಅಮ್ಮ ಕೇಳಿಸಿಕೊಳ್ಳುತ್ತಾಳೆ.

ಅಕ್ಕಾ, ವಿಶಾಖಪಟ್ಟಣದ ನಿಮ್ಮ ಮನೆಯಿಂದ ಬಂದಾಗಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಸೀರೆಗೆ ಫಾಲ್ ಹಚ್ಚಲು ಕೂತರೆ ಕಿಟಕಿಯಾಚೆ ಹೋಗುವವರ ಕಾಲುಗಳೇ ಕಾಣುತ್ತವೆ. ಸೀರೆಗಳನ್ನು ತರಲು ಒನ್ ಟೌನ್ ಪೇಟೆಗೆ ಹೋದವಳು, ಮೂಟೆ ಹೊತ್ತವರ ಮಂಡಿ ಹೇಗೆ ಮಡಚುತ್ತದೆಂದು ನೋಡುತ್ತಾ ನಿಂತೇಬಿಟ್ಟೆ. ಅಂಗಡಿಯ ಬಾಬ್ಜಿ ಮಾಮಯ್ಯ, "ಏನಮ್ಮಾಯಿ, ಕಾಲೆಣಿಸ್ತಿದೀಯಾ? ಎಲ್ರಿಗೂ ಎರಡೆರಡೇ ಇರೋದು ಬಿಡು" ಅಂದರು. ಬೆಂಜ್ ಸರ್ಕಲ್ಲಿನಲ್ಲಿ ರಸ್ತೆ ದಾಟುವ ಜನರನ್ನು ನೋಡಿ ಬಸ್ಸಿನೊಳಗೇ ನಗು ಬಂತು. ನೀನು ಹೇಳಿದ್ದು ನೆನಪಾಗಿತ್ತು. ನಡಿಗೆ ಅಂದರೆ ಪ್ರತಿ ಹೆಜ್ಜೆಗೂ ಒಂದಿಷ್ಟು ಮುಂದಕ್ಕೆ ಬೀಳುವುದು, ಇನ್ನೊಂದು ಕಾಲಿನಿಂದ ಸಾವರಿಸಿಕೊಳ್ಳುವುದು, ಅಷ್ಟೇ ಅಂದಿದ್ದೆಯಲ್ಲ? ಪೊಲೀಸಪ್ಪ, ಕೈಯಲ್ಲಿ ಸ್ಕ್ಯಾನ್ ಕವರ್ ಹಿಡಿದ ಡಾಕ್ಟರಮ್ಮ, ಹೂ ಮಾರುವವಳು, ಎಲ್ಲರೂ ಬೀಳುತ್ತಿದ್ದಾರೆ, ಎಲ್ಲರೂ ಸಾವರಿಸಿಕೊಳ್ಳುತ್ತಿದ್ದಾರೆ! ನಾನೊಬ್ಬಳೇ ಎಂದುಕೊಂಡಿದ್ದೆ.

ನಿನ್ನ ಕಾಲೇಜಿನ ಬಯೋಮೆಕ್ಯಾನಿಕ್ಸ್ (ಇದನ್ನು ಬರೆಯಲು ಎಷ್ಟು ಸಲ ಹೊಡೆದುಹಾಕಿದ್ದೇನೆ ನೋಡು) ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತಿದ್ದೆನಲ್ಲ, ಅಷ್ಟು ಒಳ್ಳೆಯ ದಿನ ನನ್ನ ಜೀವನದಲ್ಲಿ ಬಂದಿರಲಿಲ್ಲ. ಸೇತುವೆಗೆ ಹಾಕುವ ಲೆಕ್ಕವನ್ನೇ ನೀವು ಮೂಳೆಗೂ ಹಾಕುತ್ತೀರಂತೆ. ಹಿಮಬಿಂದು ಮೇಡಂ ತಮ್ಮ ಊಟದ ಡಬ್ಬಿ ಹಿಡಿದು ತೋಳು ಮಡಚಿ ತೋರಿಸಿದರು. ಕೈಯಲ್ಲಿರುವುದು ಒಂದು ಡಬ್ಬಿಯ ಭಾರ, ಆದರೆ ಒಳಗಿನ ಸ್ನಾಯು ಏಳೆಂಟು ಡಬ್ಬಿಯಷ್ಟು ಎಳೆಯಬೇಕಂತೆ, ಅದು ಮೊಣಕೈಗೆ ಅಷ್ಟು ಹತ್ತಿರ ಅಂಟಿಕೊಂಡಿರುವುದರಿಂದ. ಮೇಡಂ ಹೇಳಿದ್ದು ತೆಲುಗು, ಇಂಗ್ಲಿಷು ಸೇರಿಸಿ. ಇಂಗ್ಲಿಷು ಬಿಟ್ಟುಹೋಯಿತು, ಡಬ್ಬಿ ಅರ್ಥವಾಯಿತು. ಮನೆಗೆ ಬಂದ ಮೇಲೂ ನೀರಿನ ಚೊಂಬು ಎತ್ತುವಾಗೆಲ್ಲ ತೋಳನ್ನು ಮುಟ್ಟಿ ನೋಡುತ್ತೇನೆ.

ಆಮೇಲೆ ಲ್ಯಾಬು. ಅಲ್ಲಿಂದ ಮುಂದಿನದನ್ನು ಬರೆಯಲೆಂದೇ ಈ ಕಾಗದ.

ನನ್ನ ಎಡಗಾಲು ಒಂದು ಬೆರಳಿನಷ್ಟು ಗಿಡ್ಡ. ನನ್ನ ನಡಿಗೆಯನ್ನು ಅಳೆದು, ಎಡ ಚಪ್ಪಲಿಗೆ ಎಲ್ಲಿ ಎಷ್ಟು ದಪ್ಪದ ಅಟ್ಟೆ ಬೇಕೆಂದು ಲೆಕ್ಕ ಹಾಕುವುದು ನಿನ್ನ ಪ್ರಾಜೆಕ್ಟು. ಅದಕ್ಕೆಂದೇ ನೀನು ನನ್ನನ್ನು ಕರೆಸಿಕೊಂಡಿದ್ದೆ. ಮಂಡಿಗೆ, ಹರಡಿಗೆ, ಹಿಮ್ಮಡಿಗೆ ಮಿನುಗುವ ಗುಂಡುಗಳನ್ನು ನೀನೇ ಅಂಟಿಸಿದೆ. ಪಾದದ ಒತ್ತಡ ಅಳೆಯಲು ನೆಲದಲ್ಲಿ ಹೂತಿಟ್ಟ ಆ ಹಲಗೆಯ ಮೇಲೆ ನಾನು ಮತ್ತೆ ಮತ್ತೆ ನಡೆದೆ. ತೆರೆಯ ಮೇಲೆ ನನ್ನ ಹೆಜ್ಜೆ ಗೆರೆಯಾಗಿ ಎದ್ದು ಇಳಿಯಿತು. ವೀಡಿಯೊ ನೋಡಿ ನಿನ್ನ ಜೊತೆ ಓದುವ ಯಶ್ವಂತ್, "ಅಮ್ಮಾ ಪ್ರತೀಕ್ಷಾ, ಇವರು ನಮಗಿಂತ ನೆಟ್ಟಗೆ ನಡೀತಾರಲ್ಲ! ಕ್ರಿಕೆಟ್ ಆಡಿ ಮುರ್ಕೊಂಡ ನನ್ನ ಮಂಡೀನೇ ಅಳೀಬಹುದಿತ್ತು" ಅಂದ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಮೇಡಂ ಮಾತ್ರ ನನ್ನ ಹತ್ತಿರ ಬಂದು, ಮನೆಯಲ್ಲೂ ಹೀಗೇ ನಡೆಯುತ್ತೀಯಾ ಎಂದು ಮೆಲ್ಲಗೆ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಹಾಗಿದ್ದರೆ ಇದರಲ್ಲಿ ಅಳೆಯುವುದೇನೂ ಇಲ್ಲ, ಶುಕ್ರವಾರದೊಳಗೆ ಬೇರೆ ಯಾರನ್ನಾದರೂ ಕರೆದುಕೊಂಡು ಬಾ ಎಂದು ನಿನಗೆ ಹೇಳಿದರು. ನಿಮ್ಮ ಮನೆಯಿರುವ ಟೌನ್‌ಶಿಪ್ಪಿಗೆ ಇಬ್ಬರೂ ಬಸ್ಸಿನಲ್ಲಿ ಮರಳಿದೆವು. ಇಳಿದ ಮೇಲೆ ನೀನು "ಪರವಾಗಿಲ್ಲ ಬಿಡೇ" ಅಂದೆ.

ಅದು ನನ್ನ ನಡಿಗೆ ಅಲ್ಲ ಅಕ್ಕಾ. ಅದು ಮದುವೆಮನೆಯ ನಡಿಗೆ.

ನಿನಗಿದು ಗೊತ್ತಿರಲಾರದು, ಅಜ್ಜಿ ನನಗೊಬ್ಬಳಿಗೇ ಕಲಿಸಿದ್ದು. ನೆಂಟರ ಮದುವೆಗೆ ಹೊರಟಾಗಲೆಲ್ಲ ಹಿತ್ತಲಲ್ಲಿ ನಡೆಸಿ ನೋಡುತ್ತಿದ್ದಳು. ಎಡಗಾಲಿನ ಹಿಮ್ಮಡಿ ಊರದೆ ಬೆರಳ ಮೇಲೇ ನಡೆಯಬೇಕು, ಬಲಮಂಡಿಯನ್ನು ಲಂಗದೊಳಗೆ ತುಸು ಬಗ್ಗಿಸಿರಬೇಕು. "ಸೊಂಟ ಅಲುಗಬಾರ್ದು ನೋಡವಾ, ನೆತ್ತಿ ಮ್ಯಾಲೆ ತುಂಬಿದ ಕೊಡ ಐತಿ ಅನ್ಕೋ" ಅನ್ನುತ್ತಿದ್ದಳು. ಪಾಪ, ನನ್ನ ಒಳ್ಳೆಯದಕ್ಕೇ. ಊಟದ ಪಂಕ್ತಿ ಮುಗಿಯುವಷ್ಟರಲ್ಲಿ ಮೀನಖಂಡ ಉರಿಯುತ್ತಿತ್ತು. ನಿಮ್ಮೂರಿಗೆ ಹೊರಟಾಗ ಅಮ್ಮನೂ ಅದನ್ನೇ ಹೇಳಿ ಕಳಿಸಿದ್ದಳು. ಕ್ಯಾಮೆರಾದಲ್ಲಿ ಕುಂಟುವುದು ಬಿದ್ದು ಫೋನಿನಿಂದ ಫೋನಿಗೆ ಹೋದರೆ ನಾಳೆ ನನಗೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ, ನೆಟ್ಟಗೆ ನಡಿ ಎಂದು. ಆದರೆ ತಪ್ಪನ್ನು ಅಮ್ಮನ ಮೇಲೆ ಹಾಕಲಾರೆ. ಅಷ್ಟು ಜನ ಓದಿದವರು ಸುತ್ತ ನಿಂತಾಗ ನನ್ನ ಹಿಮ್ಮಡಿ ತಾನಾಗಿಯೇ ಮೇಲೆದ್ದಿತು.

ಈಗ ಒಂದು ಕಡೆ ಕೂರಲಾಗದ ನನ್ನ ಈ ಕುಣಿದಾಟದ ಕಾರಣ ಹೇಳುತ್ತೇನೆ. ತೆರೆಯ ಮೇಲೆ ಬಲಗಾಲಿನ ಗೆರೆಗೆ ಎರಡು ಗುಡ್ಡ, ಎಡಗಾಲಿನದಕ್ಕೆ ಒಂದೇ ಗುಡ್ಡ ಬಂದಿತ್ತು, ನೆನಪಿದೆಯಾ? ಹಲಗೆ ಕೆಟ್ಟಿದೆಯೆಂದು ಯಶ್ವಂತ್ ಅದನ್ನು ಆರಿಸಿ ಮತ್ತೆ ಹಚ್ಚಿದ. ಮತ್ತೂ ಒಂದೇ ಗುಡ್ಡ. ಹಿಮ್ಮಡಿ ಊರಿದಾಗ ಒಂದು, ಬೆರಳಿನಿಂದ ನೆಲ ಒತ್ತಿ ಹೊರಟಾಗ ಇನ್ನೊಂದು ಎಂದು ಹಿಂದಿನ ರಾತ್ರಿ ನೀನೇ ದೋಸೆ ಹುಯ್ಯುತ್ತಾ ವಿವರಿಸಿದ್ದೆ. ವಾಪಸಿನ ರೈಲಿನಲ್ಲಿ ಕೂತು ಯೋಚಿಸುತ್ತಿದ್ದಾಗ ತಟ್ಟನೆ ಹೊಳೆಯಿತು. ಹಲಗೆ ಕೆಟ್ಟಿರಲಿಲ್ಲ. ನನ್ನ ಹಿಮ್ಮಡಿ ಅದನ್ನು ಮುಟ್ಟಿಯೇ ಇರಲಿಲ್ಲ! ಇಷ್ಟು ವರ್ಷ ಎಷ್ಟು ಮದುವೆಮನೆಗಳಲ್ಲಿ ಎಷ್ಟು ಜನರ ಕಣ್ಣು ತಪ್ಪಿಸಿದ್ದೇನೆ. ಒಂದು ನೆಲದ ಹಲಗೆಗೆ ಗೊತ್ತಾಗಿಬಿಟ್ಟಿತು. ನಾಚಿಕೆಯಾಗಬೇಕಿತ್ತು, ಅಕ್ಕಾ. ನನಗೆ ಯಾಕೋ ಜೋರಾಗಿ ನಗು ಬಂದು, ಪಕ್ಕದಲ್ಲಿದ್ದ ಮುದುಕಮ್ಮ ಸರಿದು ಕೂತಳು.

ಬೇರೆ ಯಾರನ್ನೂ ಹುಡುಕಬೇಡ. ಯಶ್ವಂತನ ಮಂಡಿ ಅವನ ಹತ್ತಿರವೇ ಇರಲಿ. ಶುಕ್ರವಾರ ನಾನು ನಡೆಯುತ್ತೇನೆ, ನಮ್ಮ ಮನೆಯೊಳಗೆ ನಡೆಯುವ ಹಾಗೆ, ಸೊಂಟ ಅಲುಗಿಸಿಕೊಂಡು. ನೋಡಲು ಚೆಂದವಿರುವುದಿಲ್ಲ. ಎಲ್ಲರೂ ನಿಂತು ನೋಡಲಿ, ನೀನು ಮಾತ್ರ ಹಲಗೆಯ ಆಚೆ ತುದಿಯಲ್ಲಿ ನಿಂತಿರು, ನಿನ್ನನ್ನು ನೋಡುತ್ತಾ ನಡೆದುಬಿಡುತ್ತೇನೆ. ಮೇಡಂಗೆ ನಾನು ಸುಳ್ಳು ಹೇಳಿದ್ದನ್ನು ನೀನು ಹೇಳಬೇಡ, ನಾನೇ ಹೇಳುತ್ತೇನೆ. ನನ್ನಿಂದಾಗದಿದ್ದರೆ ಮಾತ್ರ ನೀನು ಹೇಳು.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ.

ನಡೆಯಲು ಕಾಯುತ್ತಿರುವ,
ನಿನ್ನ ರಾಜಿ

ತಾ.ಕ.: ಇದು ಗುರುವಾರ ಬೆಳಿಗ್ಗೆ ಬರೆದದ್ದು. ಈ ಕಾಗದಕ್ಕೆ ಅಂಚೆಚೀಟಿ ಇಲ್ಲವೆಂದು ಹುಡುಕಬೇಡ, ನಾನೇ ತರುತ್ತಿದ್ದೇನೆ. ನಿಮ್ಮ ಬಾಗಿಲಲ್ಲಿ ನಿನ್ನ ಕೈಗಿಟ್ಟು ಗೇಟಿನವರೆಗೆ ಹೋಗಿ ನಿಲ್ಲುತ್ತೇನೆ. ನೀನು ಓದಿ ಮುಗಿಸಿ ತಲೆಯೆತ್ತಿದಾಗ ಅಲ್ಲಿಂದ ನಡೆದು ಬರುತ್ತೇನೆ, ನೋಡು. ನಿನ್ನ ಸೀರೆಗಳಿಗೆ ಫಾಲ್ ಹಚ್ಚಲು ಹೋಗುತ್ತಿದ್ದೇನೆಂದು ಅಮ್ಮನಿಗೆ ಹೇಳಿದ್ದೆ. ಅವಳು ನಂಬಲಿಲ್ಲವೆಂದು ಕಾಣುತ್ತದೆ. ಯಾಕೆಂದರೆ ಬೆಳಿಗ್ಗೆ ನೆಲ ಗುಡಿಸುವಷ್ಟು ಉದ್ದದ ನನ್ನ ಹಸಿರು ಲಂಗದ ಅಂಚು ಬಿಚ್ಚಿ, ಹರಡು ಕಾಣುವಷ್ಟು ಮೇಲಕ್ಕೆ ಮಡಿಸಿ ಹೊಲಿಯುತ್ತಿದ್ದಾಗ ಅವಳು ಬಂದು ನೋಡಿದಳು. ಸೂಜಿಗೆ ದಾರ ಪೋಣಿಸಿ ಕೊಟ್ಟಳು.