ಅಕ್ಕನ ಮೂಗು, ನನ್ನ ಟೈಮರ್

ಜೂನ್ ೧೪, ಶನಿವಾರ

ಇವತ್ತೂ ಹದಿನಾಲ್ಕು ಹುಡುಗಿಯರು. ಎಂಟನೇ ತರಗತಿ. ಅಕ್ಕನ ಬೇಕರಿಯ ಹಿಂದಿನ ಕೋಣೆ. ಶಾಲೆಯ ಲ್ಯಾಬ್‌ನಲ್ಲಿ ಇರುವುದು ಎರಡು ಬರ್ನರ್, ಒಂದು ನಲ್ಲಿ. ನಲ್ಲಿಯಲ್ಲಿ ನೀರಿಲ್ಲ.

ಒಂದು ಟ್ರೇ ಕೇಕ್ ಹಿಟ್ಟಿಗೆ ಬರೀ ಅಡುಗೆ ಸೋಡಾ. ಇನ್ನೊಂದಕ್ಕೆ ಸೋಡಾ ಜೊತೆ ಮೊಸರು. ಮೊದಲನೆಯದು ಸಾಬೂನು ರುಚಿ, ಎಲ್ಲರೂ ಉಗುಳಿ ನಕ್ಕರು. ಎರಡನೆಯದು ಚೆನ್ನಾಗಿ ಉಬ್ಬಿತು. ಮೂರು ವಾರ ಬಾಯಿಪಾಠ ಮಾಡಿಸಿದರೂ ತಲೆಗೆ ಹೋಗದ ಸಮೀಕರಣ ಒಂದು ತುಂಡು ಕೇಕಿನಿಂದ ಹೋಯಿತು.

ಬೋರ್ಡಿನ ಮೇಲೆ ಬರೆದಿದ್ದೆ — ೧೮೦ ಡಿಗ್ರಿ, ೨೨ ನಿಮಿಷ. ಅಕ್ಕ ಹದಿನೆಂಟಕ್ಕೇ ಓವನ್ ಬಾಗಿಲು ತೆಗೆದಳು.

"ಆಗಿದೆ. ವಾಸನೆ ಬಂತು."

"ಅಕ್ಕ, ಮಕ್ಕಳಿಗೆ ಅಳತೆ ಕಲಿಸ್ತಾ ಇದ್ದೀನಿ."

"ಕಲಿಸು. ನಾನೇನು ಅಡ್ಡ ಬಂದ್ನಾ? ನಿನ್ನ ಟೈಮರ್ ಕೂಗೋವರೆಗೂ ಕೇಕ್ ಸುಟ್ಟುಹೋಗ್ಲಿ ಅಂತ ಕಾಯ್ಲಾ?"

ಹುಡುಗಿಯರು ಮುಸಿಮುಸಿ ನಕ್ಕರು. ಕೇಕ್ ಸರಿಯಾಗಿಯೇ ಬೆಂದಿತ್ತು. ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಜೂನ್ ೨೧, ಶನಿವಾರ

ಕ್ಲಾಸ್ ಇಲ್ಲ. ಅಕ್ಕನಿಗೆ ಜ್ವರ, ನೆಗಡಿ. ಬೇಕರಿ ಬಾಗಿಲು ಹಾಕಿ ನಾಲ್ಕು ದಿನ. ಏನು ಕೊಟ್ಟರೂ "ರಟ್ಟು ತಿಂದ ಹಾಗಿದೆ" ಎನ್ನುತ್ತಾಳೆ. ಜ್ವರದ ಬಾಯಿ.

ಜುಲೈ ೫, ಶನಿವಾರ

ಇವತ್ತು ಗೆದ್ದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಡಬೇಕು.

ಹೊರಡುವಾಗ ಟೈಮರ್ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಅಕ್ಕ ಹಿಟ್ಟು ಜರಡಿ ಹಿಡಿಯುತ್ತಲೇ, ನನ್ನ ಕಡೆ ನೋಡದೆ, "ಆ ಟಿಕ್ ಟಿಕ್ ಇಲ್ಲೇ ಇರ್ಲಿ" ಎಂದಳು. ಕಿವಿಯನ್ನೇ ನಂಬಲಾಗಲಿಲ್ಲ. ಇಪ್ಪತ್ತೆರಡು ನಿಮಿಷವೂ ಓವನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು ಇವತ್ತು. ಮೂವತ್ತು ವರ್ಷದ ಹಠ. ವಿಜ್ಞಾನ ಕೊನೆಗೂ ಅಕ್ಕನನ್ನು ಒಪ್ಪಿಸಿತು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ.

ಜುಲೈ ೧೨, ಶನಿವಾರ

ಬಿಸ್ಕತ್ತು ಕೆಟ್ಟಿತು. ಬೆಣ್ಣೆ ಕಮಟು ಹೊಡೆಯುತ್ತಿತ್ತು, ನಾನು ಬರುವಷ್ಟರಲ್ಲಿ ಅಕ್ಕ ಕಲೆಸಿಬಿಟ್ಟಿದ್ದಳು. "ಬೆಣ್ಣೆಯವನಿಗೆ ಸರಿಯಾಗಿ ಬೈಬೇಕು" ಎಂದು ಡಬ್ಬವನ್ನೇ ಎಸೆದಳು. ನಾನು ಅದರಿಂದಲೂ ಪಾಠ ಮಾಡಿದೆ. ಕೊಬ್ಬು ಗಾಳಿಗೆ ಸಿಕ್ಕಿದರೆ ಏನಾಗುತ್ತದೆ ಎಂದು. ಬಾಯಿ ಸುಮ್ಮನಿರಬೇಕಲ್ಲ.

ಜುಲೈ ೧೯, ಶನಿವಾರ. ಮಧ್ಯಾಹ್ನ ೩

ಮಕ್ಕಳು ಟ್ರೇ ತೊಳೆಯುತ್ತಿದ್ದಾರೆ. ಅಷ್ಟರಲ್ಲಿ ಬರೆದುಬಿಡುತ್ತೇನೆ.

ಇವತ್ತಿನ ಆಟ ನಾನೇ ಯೋಚಿಸಿದ್ದು. ಮೂರು ತರಹದ ಬಿಸ್ಕತ್ತು — ವೆನಿಲಾ, ಏಲಕ್ಕಿ, ಚಕ್ಕೆ. ಕಣ್ಣಿಗೆ ಬಟ್ಟೆ. ಮೊದಲು ಮೂಗು ಹಿಡಿದು ತಿನ್ನಬೇಕು, ಆಮೇಲೆ ಬಿಟ್ಟು. ಹಿಡಿದಾಗ ಎಲ್ಲವೂ ಬರೀ ಸಿಹಿ. ಬಿಟ್ಟ ಕೂಡಲೇ ಎಲ್ಲ ಸರಿಯಾಗಿ ಹೇಳಿದರು. ರುಚಿ ಅಂದುಕೊಂಡದ್ದು ಮುಕ್ಕಾಲು ಪಾಲು ವಾಸನೆ ಎಂದೆ. ಕೋಣೆ ತುಂಬ ಕೂಗಾಟ.

"ಆಂಟಿ, ನೀವೂ ಬನ್ನಿ" ಎಂದರು. ಅಕ್ಕ, "ನಂಗೆ ಕೆಲಸ ಇದೆ" ಎಂದು ಒಳಗೆ ಹೊರಟಳು. ನಾನು ಬಿಡಲಿಲ್ಲ. ನಾನೇ ಕೈ ಹಿಡಿದು ಎಳೆದು ತಂದೆ. ಮೂವತ್ತು ವರ್ಷದ ಮೂಗು ಹೇಗಿರುತ್ತೆ ನೋಡಿ ಎಂದೆ. ಬಟ್ಟೆ ಕಟ್ಟಿದ್ದೂ ನಾನೇ.

ವೆನಿಲಾ ಕೊಟ್ಟರೆ ಚಕ್ಕೆ ಎಂದಳು. ಚಕ್ಕೆ ಕೊಟ್ಟರೆ ಏಲಕ್ಕಿ. ಮೂಗು ಬಿಟ್ಟ ಮೇಲೂ ಹಾಗೇ. ಆಂಟಿ ಬೇಕೆಂದೇ ಆಟ ಆಡಿಸುತ್ತಿದ್ದಾರೆ ಎಂದು ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಬ್ಬಳು ನಗಲಿಲ್ಲ — ಎಲ್ಲದಕ್ಕೂ ಪ್ರಶ್ನೆ ಕೇಳುತ್ತಾಳೆಂದು ನಾವು ಕ್ವೆಶ್ಚನ್ ಪೇಪರ್ ಎಂದು ಕರೆಯುವ ಹುಡುಗಿ. ಬೋರ್ಡನ್ನೇ ನೋಡುತ್ತಿದ್ದಳು.

"ಮಿಸ್, ಆಂಟಿಗೆ ಮೂಗು ಮುಚ್ಚಿದ್ರೂ ಒಂದೇ, ಬಿಟ್ರೂ ಒಂದೇ. ಯಾಕೆ?"

ಎರಡು ಕಾಲಂ. ಎರಡರಲ್ಲೂ ತಪ್ಪು ಗುರುತು. ನನ್ನದೇ ಅಕ್ಷರ.

ಅಕ್ಕ ಬಟ್ಟೆ ಬಿಚ್ಚಿಕೊಂಡು, ಮಡಿಚಿ, ನನ್ನ ಕೈಗಿಟ್ಟಳು.

ಅದೇ ದಿನ, ಸಂಜೆ

ಮಕ್ಕಳು ಹೋದ ಮೇಲೆ ಕೇಳಿದೆ.

"ಜ್ವರ ಬಿಟ್ಟಾಗಿನಿಂದ ಇಲ್ಲ. ಏನೂ ಇಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನು ಮಾಡ್ತಿದ್ದೆ?"

ಟೈಮರ್ ಕೇಳಿದಾಗ ಗೆದ್ದೆ ಎಂದು ಬೀಗಿದೆನಲ್ಲ... ಥೂ, ನನ್ನ ಜನ್ಮಕ್ಕೆ.

ಜುಲೈ ೨೪, ಗುರುವಾರ

ಮೂಗಿನ ಡಾಕ್ಟರ್ — "ನರ ಮತ್ತೆ ಬೆಳೀಬಹುದು. ಬೆಳೀದೇನೂ ಇರಬಹುದು." ಮಾತ್ರೆ ಇಲ್ಲ. ದಿನಕ್ಕೆ ಎರಡು ಸಲ ನಾಲ್ಕು ವಾಸನೆ ಮೂಸಬೇಕಂತೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ. ಮೂಸುತ್ತಾ ಅದನ್ನು ನೆನೆಸಿಕೊಳ್ಳಬೇಕು. ಲ್ಯಾಬಿನ ನಾಲ್ಕು ಸೀಸೆ ತೊಳೆದು ಚೀಟಿ ಅಂಟಿಸಿದೆ. ಕೈಲಾದದ್ದು ಇಷ್ಟೇ.

ಆಗಸ್ಟ್ ೮, ಶುಕ್ರವಾರ

ಶಾಲೆ ಬೇಗ ಬಿಟ್ಟಿತು, ಸುಮ್ಮನೆ ಬೇಕರಿಗೆ ಹೋದೆ. ಬಾಗಿಲಲ್ಲೇ ಗ್ಯಾಸ್ ವಾಸನೆ. ಗಪ್ಪೆಂದು. ಅಕ್ಕ ಓವನ್ ಮುಂದೆ, ಕೈಯಲ್ಲಿ ಲೈಟರ್.

ಹೇಗೆ ಕಿತ್ತುಕೊಂಡೆನೋ ಗೊತ್ತಿಲ್ಲ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಅವಳನ್ನು ಹೊರಗೆ ಎಳೆದು ತಂದೆ. ಮೆಟ್ಟಿಲ ಮೇಲೆ ಕೂತೆವು.

"ಇನ್ಮೇಲೆ ಒಬ್ಬಳೇ ಓವನ್ ಹಚ್ಬೇಡ."

"ಬೇಕರಿ ಮುಚ್ಚು ಅಂತ ನೇರವಾಗಿ ಹೇಳು."

"ಹಾಗಲ್ಲ ಅಕ್ಕ..."

"ಮತ್ತೆ ಹೇಗೆ?"

ಗ್ಯಾಸ್ ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ವಾಸನೆ ಸೇರಿಸುತ್ತಾರೆ. ಪ್ರತಿ ವರ್ಷ ಪಾಠ ಮಾಡುತ್ತೇನೆ. ಸೋರಿದರೆ ಕೂಗುವ ಅಲಾರಂ ನಾಳೆ ತಂದು ಹಾಕಬೇಕು. ಅದನ್ನು ಅವಳ ಮುಂದೆ ಹೇಗೆ ಗೋಡೆಗೆ ಹೊಡೆಯುವುದೋ.

ಆಗಸ್ಟ್ ೩೦, ಶನಿವಾರ

ಮೂರು ವಾರ ಇದನ್ನು ಮುಟ್ಟಲಿಲ್ಲ. ಬರೆಯಲು ಏನೂ ಇರಲಿಲ್ಲ. ಸೀಸೆ ಮೂಸುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ, ಮುಚ್ಚಳ ಹಾಕುತ್ತಾಳೆ. ಓವನ್ ಹಚ್ಚುವುದು ನಾನು, ಶಾಲೆಗೆ ಮುಂಚೆ.

ಇವತ್ತು ಬ್ರೆಡ್ ಪಾಠ. ಟೈಮರಿಗೆ ಇನ್ನೂ ಐದು ನಿಮಿಷ ಇತ್ತು. ಕ್ವೆಶ್ಚನ್ ಪೇಪರ್ ಓವನ್ ಹತ್ತಿರ ನಿಂತವಳು, "ಆಂಟಿ, ವಾಸನೆ ಬಂತು" ಎಂದಳು. ಅಕ್ಕನದೇ ಧಾಟಿ. ತೆಗೆದರೆ ಸರಿಯಾಗಿಯೇ ಆಗಿತ್ತು. ಅಕ್ಕ ಅವಳ ತಲೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೇಗಿದೆ ವಾಸನೆ? ಹೇಳೇ."

"ಸಕ್ಕರೆ, ಪ್ರೋಟೀನು ಎರಡೂ ಬಿಸಿಗೆ ಸೇರಿ..."

"ಪಾಠ ಬೇಡ. ವಾಸನೆ ಹೇಳು."

ಕಣ್ಣು ಮುಚ್ಚಿಕೊಂಡು ಕಾದಳು. ಹದಿನಾಲ್ಕು ಮಕ್ಕಳೂ ಕಾದರು. ನಾಳೆ ಹೇಳ್ತೀನಿ ಎಂದು ಬಂದೆ.

ಒಂದು ಗಂಟೆಯಿಂದ ಕೂತಿದ್ದೇನೆ. ಬಿಸಿ — ಅದು ವಾಸನೆಯಲ್ಲ. ಕಂದು — ಅದು ಬಣ್ಣ. ಬರೆದದ್ದನ್ನೆಲ್ಲ ಹೊಡೆದುಹಾಕಿದೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅಕ್ಕ. ಬೇಕರಿ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು. ಕಣ್ಣು ಬಿಡದೆಯೇ ಗೊತ್ತಾಗುತ್ತಿತ್ತು, ಅಕ್ಕ ಬಂದಳು ಎಂದು. ಅವಳ ಕೂದಲು, ಅವಳ ಕೈ, ದಿಂಬು ಕೂಡ ಅದೇ ವಾಸನೆ. ಬ್ರೆಡ್ಡಿನ ವಾಸನೆ ಎಂದರೆ ನನಗೆ ನೀನೇ ಅಕ್ಕ, ಎಂದರೆ ಅವಳಿಗೆ ಏನು ತಿಳಿಯುತ್ತದೆ, ಅವಳದೇ ವಾಸನೆ ಅವಳಿಗೆ ಯಾವತ್ತಾದರೂ ಗೊತ್ತಿತ್ತೇ?